ಬಂಡೆಯ ಮೇಲಿನ ಚುಕ್ಕಿ

ತುರ್ತು ಕರೆ ಮಾಡಿದವರು ಇರುವ ಜಾಗ ಪರದೆಯ ಮೇಲೆ ತಾನಾಗಿಯೇ ಮೂಡಬೇಕೆಂಬ ನಿಯಮ ಬಂದಾಗಿನಿಂದ, ನಾವು ತಪ್ಪು ಜಾಗವನ್ನು ಬಹಳ ನಿಖರವಾಗಿ ತಲುಪುತ್ತಿದ್ದೇವೆ. ನಾನು ಆಂಬುಲೆನ್ಸಿನಲ್ಲಿ ರೋಗಿಯ ಪಕ್ಕ ಕೂರುವವನು, ವಿಜ್ಞಾನ ಪದವೀಧರ. ಪರದೆಯ ಚುಕ್ಕಿಗೂ ರೋಗಿಗೂ ಎಷ್ಟು ಅಂತರವೆಂದು ಅಳೆಯುವುದು ಯಾರ ಕೆಲಸವೂ ಅಲ್ಲವಾದ್ದರಿಂದ, ಅದನ್ನು ನಾನೇ ಬರೆದಿಡುತ್ತಿದ್ದೇನೆ.

೧. ಓಡುವ ಚುಕ್ಕಿ

ಆಗ ನಮ್ಮ ಗಾಡಿ ಕೊಳ್ಳೇಗಾಲದಲ್ಲಿತ್ತು. ಯಳಂದೂರಿನ ರಸ್ತೆಯಲ್ಲಿ ಒಬ್ಬ ಬೈಕಿನಿಂದ ಬಿದ್ದಿದ್ದಾನೆಂದು ಕರೆ ಬಂತು. ನಾವು ಚುಕ್ಕಿಯತ್ತ ಹೊರಟೆವು, ಚುಕ್ಕಿಯೂ ಹೊರಟಿತು. ಕೊನೆಗೆ ಕುಂತೂರಿನಲ್ಲಿ ಸಿಕ್ಕಿತು: ಕಬ್ಬಿನ ಟ್ರ್ಯಾಕ್ಟರಿನ ಮೇಲೆ, ಅದರ ಡ್ರೈವರನ ಜೇಬಿನಲ್ಲಿ.

"ಬಿದ್ದವನೆಲ್ಲಿ?" ಎಂದೆ.

"ಅಲ್ಲೇ ಅವ್ನೆ ಸಾ. ಫೋನ್ ಮಾಡ್ದೋನು ನಾನು. ಬಿದ್ದೋನೂ ನಾನೇ ಆಗ್ಬೇಕಾ?"

ಬಿದ್ದವನು ಅಷ್ಟರಲ್ಲಿ, ಮುರಿದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದು, ಬಸ್ಸಿನಲ್ಲಿ ನಿಂತೇ ಆಸ್ಪತ್ರೆ ಸೇರಿದ್ದ.

೨. ನಿಂತ ಚುಕ್ಕಿ

ಹನೂರಿಗೆ ವರ್ಗವಾದ ಮೇಲೆ ಚುಕ್ಕಿಗಳು ಓಡಲಿಲ್ಲ. ಹೂಗ್ಯಂ ಕಡೆಯ ಕಾಡಂಚಿನ ಊರೊಂದರಲ್ಲಿ ಸಿಗ್ನಲ್ ಸಿಗುವುದು ಊರಾಚೆಯ ಬಂಡೆಯ ಮೇಲೆ ಮಾತ್ರ. ತಮ್ಮನಿಗೆ ಹಾವು ಕಚ್ಚಿದಾಗ, ಅಣ್ಣ ಬಂಡೆ ಹತ್ತಿ ಕರೆ ಮಾಡಿ, ಮತ್ತೆ ಮನೆಗೆ ಓಡಿದ್ದ. ಲೊಕೇಶನ್ ಬಂದಿದೆಯೆಂದು ಕಂಟ್ರೋಲ್ ರೂಮಿನವರು ಊರಿನ ಹೆಸರನ್ನೂ ಕೇಳಿರಲಿಲ್ಲ.

ಬಂಡೆಯ ಬಳಿ ಯಾರೂ ಇರಲಿಲ್ಲ. ಅಣ್ಣನ ಫೋನಿಗೆ ಕರೆ ಹೋಗಲಿಲ್ಲ. ನಾನು ಮೇಲೆ ಹತ್ತಿ ಕಂಟ್ರೋಲ್ ರೂಮಿಗೆ ಕರೆ ಮಾಡಿದೆ.

"ಚುಕ್ಕಿ ಅಲ್ಲೇ ಇದೆ ಸರ್. ಸರಿಯಾಗಿ ನೋಡಿ."

ಸರಿಯಾಗಿ ನೋಡಿದೆ. ಒಂದು ಓತಿಕ್ಯಾತ ಇತ್ತು.

ಆಡು ಮೇಯಿಸುವವಳೊಬ್ಬಳು ಮನೆ ತೋರಿಸುವ ಹೊತ್ತಿಗೆ ಆ ತಮ್ಮನಿಗೆ ಆಂಬುಲೆನ್ಸ್ ಬೇಕಾಗಿರಲಿಲ್ಲ. ಅವನ ಬಸುರಿ ಹೆಂಡತಿ ಬಾಗಿಲಲ್ಲಿ ನಿಂತು ನಮ್ಮ ಗಾಡಿಯನ್ನೇ ನೋಡುತ್ತಿದ್ದಳು. ನಾನು ದೂರು ಬರೆದೆ. ಕಚೇರಿಯಿಂದ ಉತ್ತರ ಬಂತು: "ಕರೆ ಬಂದ ಸ್ಥಳವನ್ನು ನಿಗದಿತ ಸಮಯದೊಳಗೆ ತಲುಪಲಾಗಿದೆ. ರೋಗಿ ಸ್ಥಳದಲ್ಲಿ ಹಾಜರಿರಲಿಲ್ಲ."

೩. ಅಂತರ ಸೊನ್ನೆ

ಕೆಲವು ತಿಂಗಳ ನಂತರ ಅದೇ ಬಂಡೆಯ ಮೇಲೆ ಚುಕ್ಕಿ ಮೂಡಿತು. ಈ ಸಲ ನಾನು ನೇರವಾಗಿ ಆ ಮನೆಗೇ ಗಾಡಿ ಬಿಡಿಸಿದೆ. ಬಾಗಿಲಿಗೆ ಬೀಗ.

ಬಂಡೆಗೆ ಓಡಿದೆವು. ನೆತ್ತಿಯ ಮೇಲೆ, ಸುಡುವ ಬಿಸಿಲಿನಲ್ಲಿ, ಹಗ್ಗದ ಮಂಚ. ಮಂಚದ ಮೇಲೆ ಹೆರಿಗೆ ನೋವಿನಲ್ಲಿ ಆ ತಮ್ಮನ ಹೆಂಡತಿ. ಕೊಡೆ ಹಿಡಿದು ಅವಳ ಅತ್ತೆ. ಮಂಚ ಹೊತ್ತು ತಂದಿದ್ದ ಅಣ್ಣನೂ ನೆರೆಯವರೂ ಏದುಸಿರು ಬಿಡುತ್ತಿದ್ದರು.

"ಇಲ್ಲಿಗೆ ಯಾಕಮ್ಮ ಹೊತ್ತು ತಂದಿರಿ?" ಎಂದು ಕೂಗಿದೆ.

"ನಿಮ್ ಗಾಡಿ ಬರಾದು ಇಲ್ಗೇ ತಾನೆ ಸಾ?" ಎಂದಳು ಅತ್ತೆ. "ಓದ್ಸಲ ತಪ್ಪು ನಮ್ದೇ. ಮನೇಲಿದ್ವಿ."

ಹೆಣ್ಣು ಮಗು ಬಂಡೆಯ ಮೇಲೆಯೇ ಹುಟ್ಟಿತು; ತಾಯಿಯೂ ಉಳಿದಳು. ನನ್ನ ಪುಸ್ತಕದಲ್ಲಿ ಮೊದಲ ಬಾರಿಗೆ ಅಂತರ ಸೊನ್ನೆ ಎಂದು ಬರೆದೆ. ಕಚೇರಿಗೂ ಅದನ್ನೇ ತಿಳಿಸಿ, ಈ ಊರಿಗೊಂದು ಟವರ್ ಕೊಡಿಸಿ ಎಂದು ಕೇಳಿದೆ.

ಕಚೇರಿ ಸಂತೋಷ ವ್ಯಕ್ತಪಡಿಸಿತು. ತಾಲ್ಲೂಕಿನ ಉಳಿದ ಊರುಗಳಲ್ಲೂ ಇಂಥ ಸೂಕ್ತ ಬಂಡೆಗಳನ್ನು ಗುರುತಿಸಿ ಪಟ್ಟಿ ಕಳುಹಿಸುವಂತೆ ನನಗೆ ಆದೇಶ ಬಂದಿದೆ.