ಪೊದೆಗೂದಲಿಗೊಂದು ಪಿಕ್ಸಿ ಕಟ್

ದೇವರು ಒಬ್ಬ ಮನುಷ್ಯನಿಗೆ ಒಂದೇ ಒಂದು ಚೆಂದ ಕೊಟ್ಟು ಕಳಿಸಬಾರದು. ಕೊಡುವುದಾದರೆ ಎರಡು ಮೂರು ಕೊಡಬೇಕು, ಇಲ್ಲವೇ ಏನೂ ಕೊಡದೆ ನಿಶ್ಚಿಂತೆಯಿಂದ ಬದುಕಲು ಬಿಡಬೇಕು. ಒಂದೇ ಇದ್ದವರ ಪಾಡು ಒಂದೇ ಎಮ್ಮೆ ಕಟ್ಟಿದವರ ಪಾಡು. ನೆಂಟರ ಊರಿಗೆ ಹೋಗುವಂತಿಲ್ಲ, ಹಾಯಾಗಿ ಮಲಗುವಂತಿಲ್ಲ, ಚಾಕರಿಯೆಲ್ಲ ಅದಕ್ಕೇ. ನನಗೆ ಕೊಟ್ಟದ್ದು ಕೂದಲು. ಬಣ್ಣ ಕಪ್ಪು, ಎತ್ತರ ಅಷ್ಟಕ್ಕಷ್ಟೇ, ಮುಂದಿನ ಹಲ್ಲುಗಳಿಗೆ ಹೊರಗಿನ ಲೋಕ ನೋಡುವ ಆಸೆ. ಹೆಣ್ಣು ನೋಡಲು ಬಂದವರು ಚಹಾ ಕುಡಿದ ಋಣಕ್ಕೆ ಏನನ್ನಾದರೂ ಹೊಗಳಬೇಕೆಂದು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ಹುಡುಕಿ, ಕೊನೆಗೆ ಮೊಣಕಾಲಿಗೆ ತಾಗುತ್ತಿದ್ದ ಜಡೆ ಸಿಕ್ಕ ಕೂಡಲೇ ಉಸಿರು ಬಿಡುತ್ತಿದ್ದರು. "ಕೂದಲ ಮಾತ್ರ ಭಾಳ ಛಲೋ ಅದಾವ ನೋಡ್ರಿ!" ಆ 'ಮಾತ್ರ' ಎಂಬ ಶಬ್ದವನ್ನು ಯಾರೂ ಮರೆಯುತ್ತಿರಲಿಲ್ಲ.

ನಾನು ಆಗ ಚಿಕ್ಕೋಡಿಯ ಒಂದು ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುತ್ತಿದ್ದೆ. ಮನೆಯಲ್ಲಿ ಇದ್ದವರು ಇಬ್ಬರೇ, ನಾನು ಮತ್ತು ಅವ್ವ. ಅಪ್ಪ ತೀರಿ ಬಹಳ ವರ್ಷಗಳಾಗಿದ್ದವು. ಅವ್ವ ರಾಯಬಾಗ ಕಡೆಯ ಅಲಖನೂರಿನವಳು, ಕಬ್ಬಿನ ಸೋಗೆ ಎಳೆದು ಎಳೆದು ಗಟ್ಟಿಯಾದ ಕೈ. ಆ ಕೈ ಬೇಕೇ ಬೇಕಿತ್ತು, ಏಕೆಂದರೆ ನನ್ನ ಕೂದಲು ಉದ್ದವಷ್ಟೇ ಅಲ್ಲ, ದಟ್ಟ, ಪೊದೆಯಂತೆ ದಟ್ಟ. ಪ್ಲಾಸ್ಟಿಕ್ ಬಾಚಣಿಗೆಗಳು ಅದರೊಳಗೆ ಹಲ್ಲು ಕಳೆದುಕೊಂಡು ಹೊರಬರುತ್ತಿದ್ದವು. ತಲೆ ತೊಳೆದ ದಿನ ಮಾಳಿಗೆಯ ಮೇಲೆ ಬಿಸಿಲಿಗೆ ಕೂತರೆ, ಪಕ್ಕದಲ್ಲಿ ಹರಡಿದ ಮೆಣಸಿನಕಾಯಿ ಒಣಗಿದರೂ ನನ್ನ ತಲೆ ಒಣಗುತ್ತಿರಲಿಲ್ಲ. ದಿನಾ ಮುಂಜಾನೆ ಅವ್ವ ಹೊಸ್ತಿಲ ಮೇಲೆ, ನಾನು ಕೆಳಗಿನ ಮೆಟ್ಟಿಲ ಮೇಲೆ. ಆಕೆ ಬಾಚಣಿಗೆಯಿಂದ ಹಿಕ್ಕುತ್ತಾ ಓಣಿಯ ಸುದ್ದಿಯನ್ನೆಲ್ಲ ನನ್ನ ನೆತ್ತಿಗೆ ಎಣ್ಣೆಯ ಜೊತೆ ತಿಕ್ಕುತ್ತಿದ್ದಳು. ಯಾರ ಮನೆಯ ಸೊಸೆ ತವರಿಗೆ ಹೋದಳು, ಯಾರು ಯಾರ ಹತ್ತಿರ ಮಾತು ಬಿಟ್ಟರು, ಎಲ್ಲಾ. ಮೂವತ್ತರ ಹತ್ತಿರ ಬಂದ ಮಾಸ್ತರಿಣಿಗೆ ತನ್ನ ಜಡೆ ತಾನು ಹಾಕಿಕೊಳ್ಳಲು ಬರುತ್ತಿರಲಿಲ್ಲ. ಆದರೆ ಮಕ್ಕಳಿಗೆ ಸ್ವಾವಲಂಬನೆಯ ಪಾಠವನ್ನು ಬಹಳ ಚೆನ್ನಾಗಿ ಹೇಳುತ್ತಿದ್ದೆ.

ಅಂಥದೊಂದು ಮುಂಜಾನೆ ಅವ್ವನ ಮಾತು ಅರ್ಧಕ್ಕೆ ನಿಂತಿತು. ಹಿಂದಿನ ಮನೆಯ ಯಾರದೋ ಸುದ್ದಿ ಹೇಳುತ್ತಿದ್ದಳು. "ಆಮ್ಯಾಗ ಆಕಿ ಏನ ಅಂದ್ಳಂದ್ರ" ಎಂದಳು, ಮುಂದೆ ಹೇಳಲಿಲ್ಲ. ಬಾಚಣಿಗೆ ನನ್ನ ಕೂದಲಲ್ಲೇ ಉಳಿದು, ಕೈ ಜಾರಿ ನನ್ನ ಭುಜದ ಮೇಲೆ ಬಿತ್ತು. "ಏನ ಅಂದ್ಳಬೇ?" ಎಂದು ನಾನು ತಿರುಗದೆಯೇ ಕೇಳಿದೆ. ತಿರುಗಿದಾಗ ಅವ್ವನ ಬಾಯಿ ಒಂದು ಕಡೆ ವಾಲಿತ್ತು. ಪಕ್ಕದ ಮನೆಯ ಗಂಗವ್ವ ಓಡಿ ಬಂದಳು, ಯಾರೋ ಜೀಪು ತಂದರು, ಮೀರಜಿನ ಆಸ್ಪತ್ರೆಗೆ ಒಯ್ದೆವು. ಬಲಗೈ, ಬಲಗಾಲು, ಮಾತು ಮೂರೂ ಹೋಗಿದ್ದವು. ಸಂಜೆ ಒಬ್ಬ ನರ್ಸು ನನ್ನನ್ನು ಸಂಕೋಚದಿಂದ ಕರೆದು, "ತುಮಚ್ಯಾ ಕೇಸಾತ ಫಣೀ ಆಹೇ" ಎಂದಳು. ನಿಮ್ಮ ಕೂದಲಲ್ಲಿ ಬಾಚಣಿಗೆ ಇದೆ ಎಂದು. ಇಡೀ ದಿನ ನಾನು ಅರ್ಧ ಬಿಚ್ಚಿದ ಜಡೆಯಲ್ಲಿ ಬಾಚಣಿಗೆ ಸಿಕ್ಕಿಸಿಕೊಂಡೇ ಡಾಕ್ಟರುಗಳ ಕಾಲು ಹಿಡಿಯುತ್ತಾ ತಿರುಗಿದ್ದೆ. ಅದನ್ನು ತೆಗೆಯಲು ಆಕೆಗೂ ಸಾಕುಬೇಕಾಯಿತು.

ಅವ್ವನನ್ನು ಮನೆಗೆ ತಂದ ಮೇಲೆ ಹೊಸ ಸಂಕಟ ಶುರುವಾಯಿತು. ಆಕೆಯನ್ನು ಎಬ್ಬಿಸಿ ಕೂಡಿಸುವುದು, ಉಣಿಸುವುದು, ತೊಳೆಯುವುದನ್ನೆಲ್ಲ ಕಲಿತೆ. ನನ್ನ ತಲೆಯೊಂದನ್ನು ಕಲಿಯಲಾಗಲಿಲ್ಲ. ಜಡೆ ಹಾಕಲು ಹೋದರೆ ಅದು ಹಗ್ಗ ಹೊಸೆಯುವವನ ಮೊದಲ ದಿನದ ಕೆಲಸದಂತೆ ಕಾಣುತ್ತಿತ್ತು. ಗಂಗವ್ವ ಎರಡು ದಿನ ಬಂದು ಹಿಕ್ಕಿದಳು. ಮೂರನೆಯ ದಿನ "ಟೀಚರ್ರ, ನಂಗ ಹೊಲದ ಕೆಲಸಾ ಐತ್ರಿ" ಎಂದು ಕೈ ಮುಗಿದಳು. ಶಾಲೆಗೆ ದಿನವೂ ತಡ. ಅದೆಲ್ಲ ಹೋಗಲಿ, ನಾನು ಬಾಚಣಿಗೆ ಕೈಗೆ ತೆಗೆದುಕೊಂಡ ಕೂಡಲೇ ಮಂಚದ ಮೇಲಿನ ಅವ್ವನ ಕಣ್ಣಲ್ಲಿ ನೀರು. ಎಡಗೈಯಿಂದ ಬಲಗೈಯನ್ನು ಎತ್ತಿ ನೋಡುತ್ತಿದ್ದಳು, ಬಿಟ್ಟರೆ ಅದು ಬೀಳುತ್ತಿತ್ತು. ಮತ್ತೆ ಎತ್ತುತ್ತಿದ್ದಳು. ನನ್ನಿಂದ ನೋಡಲಾಗಲಿಲ್ಲ. ಈ ಕೂದಲೇ ಇಲ್ಲದಿದ್ದರೆ ಅಳುವೂ ಇರುವುದಿಲ್ಲ ಎಂದು ನಿಶ್ಚಯಿಸಿದೆ. ತ್ಯಾಗ ಮಾಡುತ್ತಿದ್ದೇನೆ ಎಂಬ ಭಾವವೂ ಸ್ವಲ್ಪ ಇತ್ತು ಅನ್ನಿ. ಅಥಣಿ ಕಡೆಯ ದ್ರಾಕ್ಷಿ ತೋಟದ ಮನೆಯೊಂದು ನನ್ನನ್ನು ನೋಡಿ ಹೋಗಿ, 'ಮಾತ್ರ' ಎಂಬುದನ್ನೂ ಬಿಟ್ಟು ಹೊಗಳಿ, ನಿಮ್ಮವ್ವ ಚೇತರಿಸಿಕೊಳ್ಳಲಿ, ಮುಂದಿನ ಮಾತಾಡೋಣ ಎಂದಿತ್ತು. ಅದು ಗೊತ್ತಿದ್ದೂ ಹೊರಟೆನಲ್ಲ, ಅದಕ್ಕೇ ತ್ಯಾಗ ಎಂದದ್ದು.

ಚಿಕ್ಕೋಡಿಯ ಕಟಿಂಗ್ ಅಂಗಡಿಯವರ ಹತ್ತಿರ ಹೆಂಗಸರು ಹೋಗುವ ಪದ್ಧತಿ ಇರಲಿಲ್ಲ. ನಿಪ್ಪಾಣಿಯಲ್ಲಿ ಒಂದು ಬ್ಯೂಟಿ ಪಾರ್ಲರ್ ಆಗಿದೆ ಎಂದು ಕೇಳಿದ್ದೆ. ಒಂದು ರವಿವಾರ ಗಂಗವ್ವನನ್ನು ಅವ್ವನ ಹತ್ತಿರ ಕೂಡಿಸಿ ಬಸ್ಸು ಹತ್ತಿದೆ. ಪಾರ್ಲರ್ ಎಂದರೆ ಮನೆಯ ಮುಂದಿನ ಕೋಣೆ, ಒಂದು ಕುರ್ಚಿ, ಒಂದು ಕನ್ನಡಿ. ಹೊರಗಿನ ರಸ್ತೆಯಿಂದ ತಂಬಾಕಿನ ಘಾಟು ಒಳಗೆ ಬಂದು, ಒಳಗಿನ ಪೌಡರಿನ ವಾಸನೆಯ ಜೊತೆ ಜಗಳವಾಡುತ್ತಿತ್ತು. ನಡೆಸುತ್ತಿದ್ದವಳು ಕಾಂಚನ ವೈನಿ, ಕೊಲ್ಲಾಪುರದಲ್ಲಿ ಕಲಿತು ಬಂದವಳು. ನನ್ನ ಜಡೆ ಬಿಚ್ಚಿ ನೋಡಿ, "ಅಗಬಾಈ!" ಎಂದು ಎರಡು ಹೆಜ್ಜೆ ಹಿಂದೆ ಸರಿದಳು.

ಗೋಡೆಗೆ ಯಾವುದೋ ಇಂಗ್ಲಿಷ್ ಮಾಸಿಕದಿಂದ ಕತ್ತರಿಸಿದ ಚಿತ್ರಗಳಿದ್ದವು. ಭುಜದವರೆಗಿನದು, ಕಿವಿಯವರೆಗಿನದು, ಸುರುಳಿಯದು. ಕೊನೆಯಲ್ಲಿ, ಗಂಡು ಹುಡುಗನಂತೆ ಗಿಡ್ಡಗೆ ಕತ್ತರಿಸಿಕೊಂಡು ಗದ್ದಕ್ಕೆ ಕೈಯಿಟ್ಟು ನಗುತ್ತಿದ್ದ ಒಬ್ಬ ತೆಳ್ಳನೆಯ ಬಿಳಿ ಹೆಂಗಸು. ಬಾಚಣಿಗೆಯನ್ನೇ ಮುಟ್ಟಬೇಕಿಲ್ಲದ ತಲೆ ಅದೊಂದೇ ಎಂದು ನನಗೆ ಅನಿಸಿತು. ಬೆರಳು ತೋರಿಸಿದೆ.

"ಹೇ ಪಿಕ್ಸಿ ಕಟ್ ಆಹೇ. ನಿಮಗ ಬ್ಯಾಡ್ರಿ," ಎಂದಳು ವೈನಿ. "ನಿಮ್ಮ ಕೇಸ ಲಈ ದಾಟ, ಭಾಳ ದಟ್ಟ ಅದಾವ. ಉದ್ದ ಇದ್ದಾಗ ವಜ್ಜಿಗೆ ಕೆಳಗ ಬೀಳ್ತಾವ. ಗಿಡ್ಡ ಮಾಡಿದ್ರ ಎದ್ದ ನಿಂತಬಿಡ್ತಾವ್ರಿ. ಒಳಗಿಂದೊಳಗ ತೆಳ್ಳಗ ಮಾಡೂ ಹಲ್ಲಿನ ಕತ್ತರಿ ಬ್ಯಾರೆ ಇರ್ತೈತಿ. ನಂದು ಇನ್ನಾ ಬಂದಿಲ್ಲ."

"ನಿಂತ್ರ ನಿಲ್ಲಲಿ, ಕತ್ತರಸ್ರಿ," ಎಂದೆ.

"ಭುಜದ ಮಟ ಮಾಡ್ಲಿ? ನೋಡ್ರಿ, ಚಂದ ಕಾಣ್ತೈತಿ."

"ಬಾಚಣಿಗಿ ಹಿಡೀಬಾರದು, ಅಷ್ಟ ಗಿಡ್ಡ ಮಾಡ್ರಿ."

ಆಕೆ ದೇವರ ಫೋಟೋಕ್ಕೆ ಕೈ ಮುಗಿದು ಕತ್ತರಿ ಎತ್ತಿದಳು. ಜಡೆ ಕೆಳಗೆ ಬಿದ್ದಾಗ ಸತ್ತ ಪ್ರಾಣಿ ಬಿದ್ದಂತೆ ಧಪ್ಪೆಂದು ಸಪ್ಪಳವಾಯಿತು. ತಲೆ ಹಗುರಾಗಿ ಕುತ್ತಿಗೆ ತಾನಾಗಿ ಮೇಲಕ್ಕೆ ಹೋದಂತೆನಿಸಿತು. ಆ ಸುಖ ಕನ್ನಡಿ ನೋಡುವವರೆಗೆ ಮಾತ್ರ. ಹುಟ್ಟಿದಾಗಿನಿಂದ ಭಾರಕ್ಕೆ ತಲೆಬಾಗಿದ್ದ ಕೂದಲುಗಳೆಲ್ಲ ಸ್ವಾತಂತ್ರ್ಯ ಬಂದಂತೆ ಎದ್ದು ನಿಂತಿದ್ದವು. ಗೋಡೆಯ ಹೆಂಗಸಿನ ತಲೆ ಗುಬ್ಬಿಯ ಬೆನ್ನಿನಂತೆ ನುಣ್ಣಗಿತ್ತು, ನನ್ನದು ಕೊಯ್ದು ಬಿಟ್ಟ ಕಬ್ಬಿನ ಕೂಳೆಯ ಹೊಲ. ವೈನಿ ನೀರು ಹಚ್ಚಿ ಒತ್ತಿದಳು, ಎಣ್ಣೆ ಹಚ್ಚಿ ಒತ್ತಿದಳು. ಕೈ ತೆಗೆದರೆ ಮತ್ತೆ ಏಳುತ್ತಿತ್ತು. ಬಸ್ಸಿನಲ್ಲಿ ಕಂಡಕ್ಟರು ಹಿಂದಿನಿಂದ ಬಂದು, "ಏ ತಮ್ಮಾ, ಟಿಕೀಟ ತಗಿ" ಎಂದು ಹೆಗಲು ತಟ್ಟಿದ. ತಿರುಗಿದೆ. ಸೀರೆ ನೋಡಿ ಆತ, "ತಪ್ಪಾತ್ರಿ ಅಕ್ಕಾರ" ಎಂದು ಟಿಕೆಟು ಕೊಡದೆಯೇ ಮುಂದೆ ಹೋಗಿಬಿಟ್ಟ. ಕೂಗಿ ಕರೆದು ಟಿಕೆಟು ಪಡೆಯಬೇಕಾಯಿತು. ಇಡೀ ಬಸ್ಸು ನೋಡಿತು.

ಮನೆಗೆ ಬಂದು, ಬಸ್ಸಿನಲ್ಲಿ ತಲೆಗೆ ಎಳೆದುಕೊಂಡಿದ್ದ ಸೆರಗು ತೆಗೆದು ಅವ್ವನ ಮುಂದೆ ನಿಂತೆ. ಅವ್ವ ನೋಡಿದಳು. ಕಣ್ಣು ದೊಡ್ಡದಾಯಿತು. ಮರುಕ್ಷಣ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು. ಭುಜ ಅಲುಗುತ್ತಿತ್ತು. ಎಷ್ಟು ಕರೆದರೂ ತಿರುಗಲಿಲ್ಲ. ಅಡಿಗೆಮನೆಗೆ ಹೋಗಿ ನಾನೂ ಅತ್ತೆ.

ಮುಂದಿನ ತಿಂಗಳುಗಳನ್ನು ನೆನೆಸಿಕೊಂಡರೆ ಈಗಲೂ ತಲೆ ತುರಿಸುತ್ತದೆ. ಹೆಡ್‌ಮಾಸ್ತರರು ಕರೆದು ಮೆತ್ತಗೆ, "ವಿಷಮಜ್ವರ ಬಂದಿತ್ತೇನ್ರಿ ಟೀಚರ್?" ಎಂದರು. ಬೀದಿಯಲ್ಲಿ ಒಬ್ಬರು, "ಮಂಗಸೂಳಿ ಮಲ್ಲಯ್ಯಗ ಮುಡಿ ಬೇಡ್ಕೊಂಡಿದ್ರೇನ್ರಿ? ಛಲೋ ಆತ ಬಿಡ್ರಿ, ಅವ್ವಗ ಆರಾಮ ಆಗ್ತೈತಿ" ಎಂದರು, ಅದೇ ಎಲ್ಲಕ್ಕಿಂತ ಮರ್ಯಾದೆಯ ಕಾರಣವೆಂದು ಕಂಡು ಹೌದೆಂದುಬಿಟ್ಟೆ. ಜುಗೂಳದಿಂದ ಅವ್ವನನ್ನು ನೋಡಲು ಬಂದ ಸೋದರತ್ತೆ ಬಾಗಿಲಲ್ಲೇ ನನ್ನ ತಲೆ ಕಂಡು, "ಲಗ್ನ ಆಗೂದ್ರೊಳಗ ಹಿಂಗ್ಯಾಕಾತ ನನ್ನವ್ವಾ!" ಎಂದು ಎದೆ ಬಡಿದುಕೊಂಡು ಅತ್ತಳು. ಗಂಡನ ತಾಪತ್ರಯವಿಲ್ಲದೆಯೇ ವಿಧವೆಯಾದವಳು ನಮ್ಮ ತಾಲೂಕಿನಲ್ಲಿ ಬಹುಶಃ ನಾನೊಬ್ಬಳೇ. ಅಥಣಿಯ ಹಿರಿಯರೂ ಬಂದರು. ಅವಲಕ್ಕಿ ತಿಂದರು, ಚಹಾ ಕುಡಿದರು, ನನ್ನ ತಲೆಯನ್ನು ಬಿಟ್ಟು ಮನೆಯ ಉಳಿದೆಲ್ಲವನ್ನೂ ನೋಡಿದರು. "ತಿಳಸ್ತೀವ್ರಿ" ಎಂದು ಹೋದರು. ಇನ್ನೂ ತಿಳಿಸಿಲ್ಲ.

ಕೂದಲನ್ನು ಮಲಗಿಸಲು ನಾನು ಮಾಡದ ಉಪಾಯವಿಲ್ಲ. ಒದ್ದೆ ಟವಲು ಬಿಗಿದು ಅಡಿಗೆ ಮಾಡಿದೆ. ಅಗಸಿಬೀಜ ಕುದಿಸಿದ ಲೋಳೆ ಹಚ್ಚಿದೆ. ಒಣಗಿದ ಮೇಲೆ ಕೂದಲು ಮಲಗಲಿಲ್ಲ, ನಿಂತಲ್ಲೇ ಗಟ್ಟಿಯಾಯಿತು. ಆ ದಿನ ಹತ್ತನೆಯ ಇಯತ್ತೆಯ ಮಕ್ಕಳು ಬೋರ್ಡಿನ ಮೇಲೆ ಒಂದು ಮುಳ್ಳುಹಂದಿಯ ಚಿತ್ರ ಬರೆದಿದ್ದರು. ಚಿತ್ರ ಚೆನ್ನಾಗಿತ್ತು, ಒರೆಸಲು ಮನಸ್ಸಾಗಲಿಲ್ಲ. ಕೊನೆಗೆ ಹಲ್ಲಿನ ಕತ್ತರಿ ಬಂದಿದೆ ಎಂದು ಕಾಂಚನ ವೈನಿ ಯಾರದೋ ಕೈಯಲ್ಲಿ ಹೇಳಿ ಕಳಿಸಿದಳು. ಹೋದೆ. ಹಿಂದೆ ಮತ್ತು ಪಕ್ಕಗಳಲ್ಲಿ ಗಿಡ್ಡ ಮಾಡಿ, ಮೇಲೆ ಸ್ವಲ್ಪ ಉಳಿಸಿ, ಆ ಕತ್ತರಿಯಿಂದ ಒಳಗಿನ ದಟ್ಟಣೆ ತೆಗೆದು, ಮುಂದಿನ ಎಳೆಗಳನ್ನು ಹಣೆಯ ಮೇಲೆ ಓರೆಯಾಗಿ ಬಿಟ್ಟಳು. ಕನ್ನಡಿಯಲ್ಲಿ ಮೊದಲ ಸಲ ಒಬ್ಬ ಮನುಷ್ಯಳು ಕಂಡಳು. "ತೊಳದ ಮ್ಯಾಲ ಕೈಲೇ ಮುಂದ ಎಳಕೊಳ್ರಿ, ಎಣ್ಣಿ ಮುಟ್ಟಬ್ಯಾಡ್ರಿ" ಎಂದಳು. ಅಷ್ಟರಲ್ಲಿ ಊರಿಗೂ ನನ್ನ ತಲೆ ಹಳತಾಗಿತ್ತು.

ಅವ್ವನಿಗೆ ನಿಧಾನವಾಗಿ ಮಾತು ಮರಳಿತು. ತೊದಲು, ಆದರೆ ಖಾರ ಮೊದಲಿನದೇ. ಒಂದು ಮಧ್ಯಾಹ್ನ ಗಂಗವ್ವ ಕೂತು, "ಕಾಕೂ, ಟೀಚರ್ರು ಕೂದಲ ತಗಸಿದಾಗ ನಿಮಗ ಭಾಳ ದುಕ್ಕಾ ಆಗಿರಬೇಕ ನೋಡ್ರಿ" ಎಂದಳು. ನಾನು ಒಳಗೆ ಅಕ್ಕಿ ಆರಿಸುತ್ತಿದ್ದೆ.

"ಯಾತರ ದುಕ್ಕ?" ಎಂದಳು ಅವ್ವ. "ಪೀಡಾ ಹೋತು. ದಿನಾ ಆ ಪೊದಿ ಹಿಕ್ಕಿ ಹಿಕ್ಕಿ ನನ್ನ ರಟ್ಟಿ ಹರೀತಿತ್ತು. ತಗಸ ಅಂತ ಹ್ಯಾಂಗ ಹೇಳಲಿ? ಆಕಿಗೆ ಅದೊಂದ ಇತ್ತು."

ಅಕ್ಕಿ ಹಾಗೇ ಬಿಟ್ಟು ಹೊರಗೆ ಬಂದೆ. "ಮತ್ತ ಅವತ್ತ ಗ್ವಾಡಿ ಕಡೆ ಮಾರಿ ಮಾಡಿ ಯಾಕ ಅತ್ತಿ?"

"ಯಾರ ಅತ್ತಾರ?" ಅವ್ವ ಸೊಟ್ಟ ಬಾಯಿಯಲ್ಲೇ ಹೇಳಿದಳು. "ನಗಿ ತಡೀಲಿಲ್ಲ. ನಿನ್ನ ಮುಂದ ನಕ್ರ ನೀ ಅಳ್ತಿ ಅಂತ ಆಕಡೆ ತಿರಿಗಿದೆ."

ಆ ದಿನ ಮೂವರೂ ನಕ್ಕೆವು. ಅವ್ವ ನಗುವಾಗ ಅಳುವಂತೆಯೇ ಕಾಣುತ್ತಿದ್ದಳು, ಅದು ನನಗೆ ಆಗಲೇ ತಿಳಿದದ್ದು. ಅದಾದ ಮೇಲೆ ಮುಂಜಾನೆ ನಾನು ಹೊರಡುವಾಗ ಎಡಗೈಯಿಂದ ನನ್ನ ಹಣೆಯ ಕೂದಲು ಸರಿಪಡಿಸುತ್ತಿದ್ದಳು. ಸರಿಯಿದ್ದದ್ದು ಕೆಡುತ್ತಿತ್ತು, ನಾನು ಹಾಗೇ ಶಾಲೆಗೆ ಹೋಗುತ್ತಿದ್ದೆ. ಮುಂದೆ ಕೆಲವು ವರ್ಷ ಇದ್ದಳು. ಎರಡನೆಯ ಸಲ ಲಕ್ವ ಹೊಡೆದಾಗ ಮೀರಜಿನ ದಾರಿಯಲ್ಲೇ, ಕಾಗವಾಡ ದಾಟುವುದರೊಳಗೆ ಹೋದಳು.

ದಿನಕರ್ಮಕ್ಕೆ ಬಂದ ಜುಗೂಳದ ಅತ್ತೆ, "ಇನ್ನರ ಕೂದಲ ಬಿಡವ್ವಾ" ಎಂದಳು. ಬಿಟ್ಟೆ. ಕಿವಿ ದಾಟುವವರೆಗೆ ಬಿಟ್ಟೆ. ಮುಂದೇನು ಮಾಡಬೇಕೆಂದು ತಿಳಿಯದೆ ನಿಪ್ಪಾಣಿಗೆ ಹೋದೆ. "ಎಷ್ಟ ತಗೀಲಿರಿ?" ಎಂದಳು ಕಾಂಚನ ವೈನಿ. ಉದ್ದ ಕೂದಲು ಅವ್ವ ಬೆಳೆಸಿದ್ದು. ಗಿಡ್ಡ ಮಾಡಿಸಿದ್ದು ಅವ್ವನ ಸಲುವಾಗಿ. ನನಗೆ ಬೇಕಾದದ್ದು ಏನು ಎಂದು ಆ ಕುರ್ಚಿಯಲ್ಲಿ ಕೂತು ಎಷ್ಟು ಹುಡುಕಿದರೂ ಸಿಗಲಿಲ್ಲ. "ನಿಮಗ ತಿಳದಂಗ ಮಾಡ್ರಿ" ಎಂದೆ. ಆಕೆ ಪಿಕ್ಸಿಯನ್ನೇ ಶುರು ಮಾಡಿದಳು. ಕತ್ತರಿ ಕಿವಿಯ ಹತ್ತಿರ ಬರುವ ಹೊತ್ತಿಗೆ ನನಗೆ ಅಳು ಉಕ್ಕಿ ಬಂತು.

"ಅಯ್ಯ, ಕಿವಿಗಿ ತಾಗ್ತೇನ್ರಿ?" ಎಂದು ವೈನಿ ಗಾಬರಿಯಾಗಿ ಕೈ ಹಿಂದಕ್ಕೆ ತೆಗೆದಳು.

"ಹೌದ್ರಿ, ಸ್ವಲ್ಪ ತಾಗ್ತು," ಎಂದೆ. ಕತ್ತರಿ ಮುಟ್ಟಿಯೇ ಇರಲಿಲ್ಲ.

ಅಂದಿನಿಂದ ಆಕೆ ಹೆದರಿ, ಎಷ್ಟೇ ಗಿಡ್ಡ ಮಾಡಿದರೂ ನನ್ನ ಎರಡೂ ಕಿವಿಗಳ ಮೇಲೆ ಒಂದಿಷ್ಟು ಕೂದಲನ್ನು ಮುಟ್ಟದೆ ಬಿಡುತ್ತಾಳೆ. ನಾನೂ ಬೇಡವೆನ್ನುವುದಿಲ್ಲ, ಬೇಡವೆಂದರೆ ಕಾರಣ ಹೇಳಬೇಕಾಗುತ್ತದೆ. ಮೊನ್ನೆ ನಮ್ಮ ಶಾಲೆಗೆ ಹೊಸದಾಗಿ ಬಂದ ಟೀಚರ್ ಹುಡುಗಿಯೊಬ್ಬಳು ಸ್ಟಾಫ್ ರೂಮಿನಲ್ಲಿ ಪಕ್ಕಕ್ಕೆ ಬಂದು ಕೂತು, "ಮೇಡಮ್, ನಂದೂ ನಿಮ್ಮಂಗ ದಪ್ಪ ಕೂದಲ ಅದಾವ್ರಿ. ಈ ಕಿವಿ ಮ್ಯಾಲಿಂದು ಹಿಂಗ ಬಿಡಸ್ಬೇಕಂದ್ರ ಪಾರ್ಲರದಾಗ ಏನಂತ ಹೇಳ್ಬೇಕ್ರಿ?" ಎಂದು ಬಹಳ ಆಸೆಯಿಂದ ಕೇಳಿದಳು. ಮಕ್ಕಳಿಗೆ ಯಾವಾಗಲೂ ಸತ್ಯವನ್ನೇ ಹೇಳಬೇಕೆಂದು ಬೋಧಿಸುವ ನಾನು ಕನ್ನಡಕ ಸರಿಪಡಿಸಿಕೊಂಡು, "ಅದು ಹೇಳಿದ್ರ ಬರೂದಲ್ಲವ್ವಾ, ಸ್ಟೈಲ್ ಐತಿ" ಎಂದೆ.