ಅರಸೀಕೆರೆಯಲ್ಲಿ ಟೇಪು ಹಿಡಿದವನ ಪಾಡು

ಟೇಪು ಹಿಡಿದು ಅರಸೀಕೆರೆಯ ರಸ್ತೆಗಿಳಿದವನನ್ನು ಯಾರೂ ನೆಟ್ಟಗೆ ನೋಡುವುದಿಲ್ಲ. ತೊಂಬತ್ತರ ದಶಕದ ಕೊನೆಗೆ ನಾನು ಸರ್ವೇ ಕೆಲಸದಲ್ಲಿದ್ದೆ. ಸ್ಟೇಷನ್ನಿನಿಂದ ಬಸ್‌ಸ್ಟ್ಯಾಂಡಿನವರೆಗೆ ಫುಟ್‌ಪಾತು, ಪಕ್ಕದಲ್ಲಿ ಸೈಕಲ್ಲಿಗೇ ಬೇರೆ ದಾರಿ, ಹೀಗೊಂದು ಪ್ಲಾನು ಮಾಡಲು ಹೇಳಿದ್ದರು. ಆ ಸೈಕಲ್ ದಾರಿ ಆಗಲೇಬೇಕೆಂದು ನನಗೆ ಹಟ. ಕೊಬ್ಬರಿ ಲಾರಿಗೆ ಹೆದರಿ ನಾನೇ ಎರಡು ಸಲ ಸೈಕಲ್ ಸಮೇತ ಚರಂಡಿಗೆ ಬಿದ್ದಿದ್ದೆ.

ಪುಕ್ಕಟೆ ಕಾಫಿ

ಮೊದಲ ದಿನ ಒಂದು ಹೋಟೆಲಿನ ಮುಂದೆ ಟೇಪು ಬಿಚ್ಚುತ್ತಿದ್ದಂತೆ ಯಜಮಾನರು ತಾವೇ ಕಾಫಿ ತಂದುಕೊಟ್ಟರು. ವರ್ಷಗಟ್ಟಲೆ ಅಲ್ಲಿ ತಿಂಡಿ ತಿಂದವನು ನಾನು. ಒಂದು ದಿನವೂ ನನ್ನ ಮುಖ ನೋಡಿ ನಕ್ಕವರಲ್ಲ. ಇದರಲ್ಲೇನೋ ಇದೆ ಎಂದುಕೊಂಡೇ ಕುಡಿದೆ.

"ನಮ್ಮದು ಎಷ್ಟಡಿ ಒಡೀತೀರಾ?" ಎಂದರು ಮೆಲ್ಲಗೆ.

"ಒಡೆಯೋದೇನಿಲ್ಲ. ಜನ ನಡೆಯೋಕೆ ಫುಟ್‌ಪಾತು, ಅಷ್ಟೇ."

"ಖಂಡಿತ ಒಡೆಯಲ್ವಾ?"

"ಖಂಡಿತ."

"ಹಂಗಾದ್ರೆ ಕಾಫಿದು ಕೌಂಟರ್‌ನಲ್ಲಿ ಕೊಟ್ಬಿಡಿ."

ಕೆಂಪು ಗೀಟು

ಅಳತೆಗೆಂದು ಗೋಡೆಗಳ ಮೇಲೆ ಕೆಂಪು ಗೀಟು ಎಳೆಯುತ್ತಾ ಹೋದೆ. ಕೊಬ್ಬರಿ ಮಂಡಿ ಸಾಹುಕಾರರ ಗೋಡೆ ರಸ್ತೆಯಿಂದ ಹಿಂದಕ್ಕಿತ್ತು, ಅದಕ್ಕೆ ಗೀಟು ಬೇಕಿರಲಿಲ್ಲ. ಸಂಜೆ ಅವರು ಆಫೀಸಿಗೇ ಬಂದರು.

"ಪಕ್ಕದೋನಿಗೆ ಎರಡು ಗೀಟು, ನಮಗೊಂದೂ ಇಲ್ಲ. ಅವನಿಗೇನು ಸಿಗ್ತೈತೆ?"

"ಏನೂ ಇಲ್ಲ ಸ್ವಾಮಿ, ಬರೀ ಗುರುತು."

"ಎಲ್ರೂ ಮೊದ್ಲು ಹಂಗೇ ಹೇಳೋದು."

ಮಾರನೆಯ ದಿನ ಅವರ ಗೋಡೆಯ ಮೇಲೆ ಮೂರು ಗೀಟು, ನನ್ನದಕ್ಕಿಂತ ನೆಟ್ಟಗೆ. ಅದನ್ನು ನೋಡಿ ಪಕ್ಕದವನು ನಾಲ್ಕು ಮಾಡಿಕೊಂಡ. ವಾರದಲ್ಲಿ ನನ್ನ ಗೀಟು ಯಾವುದೆಂದು ನನಗೇ ಗೊತ್ತಾಗದೆ ಇಡೀ ರಸ್ತೆಯನ್ನು ಮೊದಲಿಂದ ಅಳೆದೆ.

ಸೈಕಲ್ ಎಣಿಕೆ

"ದಿನಕ್ಕೆಷ್ಟು ಸೈಕಲ್ ಓಡಾಡ್ತವೆ, ಎಣಿಸಿ. ಕಮ್ಮಿಯಾದ್ರೆ ಆ ಜಾಗ ಕಾರು ನಿಲ್ಲಿಸೋಕೆ" ಎಂದರು ನಮ್ಮ ಸಾಹೇಬರು. ಬೆಳಿಗ್ಗೆಯೇ ಪುಸ್ತಕ ಹಿಡಿದು ರಸ್ತೆ ಬದಿ ಕೂತೆ. ಹಾರನಹಳ್ಳಿ ಕಡೆಯಿಂದ ಬಂದ ಹಾಲಿನವನು ಬ್ರೇಕ್ ಹಾಕಿದ.

"ಏನ್ ಬರ್ಕೊಂತಿದೀರಿ?"

"ಸೈಕಲ್ ಲೆಕ್ಕ."

ಅಷ್ಟಕ್ಕೇ ಇಳಿದುಬಿಟ್ಟ. "ಇದು ನಂದಲ್ಲ ಸ್ವಾಮಿ, ನಮ್ ಭಾವಂದು. ಸುಮ್ನೆ ತಳ್ಕೊಂಡು ಹೋಯ್ತಿವ್ನಿ."

ಹಿಂದೆ ಪುರಸಭೆಯವರು ತೆರಿಗೆ ಕಟ್ಟಿ ಬಿಲ್ಲೆ ಹಾಕಿಸದ ಸೈಕಲ್ಲುಗಳನ್ನು ಹಿಡಿದು ಒಯ್ಯುತ್ತಿದ್ದರಲ್ಲ, ಆ ಕಾಟ ಮತ್ತೆ ಶುರುವಾಯಿತೆಂದು ಗಳಿಗೆಯೊಳಗೆ ಊರೆಲ್ಲ ಸುದ್ದಿ. ಆಮೇಲೆ ರಸ್ತೆಯಲ್ಲಿ ಒಂದು ಸೈಕಲ್ಲೂ ಕಾಣಲಿಲ್ಲ. ಮಧ್ಯಾಹ್ನ ಸಾಹೇಬರು ಬಂದು ಪುಸ್ತಕ ನೋಡಿದರು. ಒಟ್ಟು ಒಂದು, ಅದೂ ತಳ್ಳಿಕೊಂಡು ಹೋದದ್ದು. ನನಗೆ ಅಳುವೇ ಬಂತು.

"ಎಲ್ಲಾ ಎಲ್ಲೋ ಅಡಗಿದಾವೆ ಸಾರ್" ಎಂದು, ಬೆಲ್ಲಿನ ಸದ್ದು ಹಿಡಿದು ಅವರನ್ನು ಮಂಡಿ ಹಿಂದಿನ ಸಂದಿಗೆ ಕರೆದುಕೊಂಡು ಹೋದೆ. ಇಡೀ ಊರಿನ ಸೈಕಲ್ಲುಗಳು ಅಲ್ಲಿ ಬೆಲ್ಲು ಬಾರಿಸುತ್ತಾ ಒಂದಕ್ಕೊಂದು ಸಿಕ್ಕಿಕೊಂಡಿದ್ದವು. ಸಾಹೇಬರು ನನ್ನ ಮಾತು ನಂಬಿದರು. ಎಷ್ಟು ನಂಬಿದರೆಂದರೆ, ಸೈಕಲ್ ದಾರಿಯನ್ನು ಆ ಸಂದಿಯಲ್ಲೇ ಮಾಡಬೇಕೆಂದು ಬರೆದು, ಮುಖ್ಯರಸ್ತೆಯ ಜಾಗವನ್ನು ಕಾರಿಗೆ ಕೊಟ್ಟುಬಿಟ್ಟರು.

ಮಾರನೆಯ ದಿನ ಬೈದುಕೊಳ್ಳುತ್ತಾ ಸಂದಿ ಅಳೆಯಲು ಹೋದೆ. ಅಲ್ಲಿ ಒಂದು ಸೈಕಲ್ಲೂ ಇಲ್ಲ. ಸಂದಿಯ ತುದಿಯಲ್ಲಿ ಅದೇ ಹಾಲಿನವನು ನಿಂತು, ಬರುವವರನ್ನೆಲ್ಲ ತಡೆದು ಕೂಗುತ್ತಿದ್ದ:

"ಈ ಕಡೆ ಬರ್ಬ್ಯಾಡ್ರಲಾ! ಆವಯ್ಯ ಇವತ್ತು ಇಲ್ಲಿ ಬಂದು ಕುಂತವ್ನೆ. ಮೇನ್ ರೋಡಲ್ಲೇ ಆರಾಮಾಗಿ ಹೋಗಿ!"