ರುದ್ರಪ್ಪನವರ ಕಿಂಡಿ, ನನ್ನ ಗ್ರಾಫು

ತಪ್ಪು ಒಪ್ಪಿಕೊಳ್ಳುವ ವಿಷಯದಲ್ಲಿ ನಾನು ಬಲು ಸೋಮಾರಿ. ತಪ್ಪು ಮಾಡುವಾಗ ಆ ಸೋಮಾರಿತನ ಎಲ್ಲಿ ಹೋಗುತ್ತದೋ ತಿಳಿಯದು. ನಾನು ಔಷಧ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್. ಬಿಸಿ ದ್ರಾವಣವನ್ನು ಎಷ್ಟು ಹೊತ್ತಿನಲ್ಲಿ ಎಷ್ಟು ತಣಿಸಿದರೆ ಔಷಧ ಒಳ್ಳೆಯ ಹರಳಾಗಿ ಕೂರುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ನನ್ನ ಕೆಲಸ. ಆ ಲೆಕ್ಕಕ್ಕೆ ಮಾಡೆಲ್ ಎಂದು ಹೆಸರು. ಪದ್ಮನಾಭನಗರದ ನಮ್ಮ ಮನೆಯಲ್ಲಿ ಇದನ್ನು ಕಾಲು ಗಂಟೆ ವಿವರಿಸಿದ ಮೇಲೆ ನಮ್ಮತ್ತೆ, "ಅಂದ್ರೆ ಕಲ್ಲುಸಕ್ಕರೆ ಮಾಡ್ತೀರಿ" ಎಂದಿದ್ದರು. ಅಲ್ಲವೆನ್ನಲು ಇವತ್ತಿಗೂ ಆಗಿಲ್ಲ.

ಆ ದಿನ, ಔಷಧವನ್ನು ಕರಗಿಸುವ ಹೊಸ ದ್ರಾವಕದಲ್ಲಿ ಮೊದಲ ಬ್ಯಾಚು. ದೊಡ್ಡ ಪಾತ್ರೆಯ ಗಾಜಿನ ಕಿಂಡಿಗೆ ಟಾರ್ಚ್ ಹಿಡಿದು ನಿಂತಿದ್ದವರು ಆಪರೇಟರ್ ರುದ್ರಪ್ಪ; ಇಪ್ಪತ್ತಾರು ವರ್ಷದಿಂದ ಅದೇ ಕಿಂಡಿಯಲ್ಲಿ ಇಣುಕಿದವರು.

"ಸಾರ್, ಆಗ್ಲೇ ಮಂಜು ಮಂಜಾಗ್ತಿದೆ, ಹರಳು ಕಟ್ತಿದೆ. ತಣ್ಣೀರು ನಿಲ್ಸಿಬಿಡ್ಲಾ?"

ನಾನು ಲ್ಯಾಪ್‌ಟಾಪಿನಿಂದ ತಲೆ ಎತ್ತದೆ, "ಗ್ರಾಫ್ ಪ್ರಕಾರ ಇನ್ನೂ ಒಂದು ಗಂಟೆ ಏನೂ ಆಗಲ್ಲ, ರುದ್ರಪ್ಪನವರೇ. ಬಿಡಿ" ಎಂದೆ.

ಇಪ್ಪತ್ತು ನಿಮಿಷಕ್ಕೆ ಒಳಗೆ ಕಲಕುತ್ತಿದ್ದ ರೆಕ್ಕೆ ನರಳಿ ನಿಂತಿತು. ಪಾತ್ರೆಯಲ್ಲಿದ್ದದ್ದೆಲ್ಲ ಒಂದೇ ಬಂಡೆ. ಅದನ್ನು ಕರಗಿಸಿ ತೆಗೆಯಲು ಮೂರು ದಿನ ಹಿಡಿಯಿತು. ಔಷಧವೆಲ್ಲ ಕಸಕ್ಕೆ ಹೋಯಿತು.

ವರದಿ ಬರೆಯಬೇಕಾದವನು ನಾನೇ. 'ಆಪರೇಟರ್ ರುದ್ರಪ್ಪ ಸಕಾಲದಲ್ಲಿ ತಣಿಸುವುದನ್ನು ನಿಲ್ಲಿಸಲಿಲ್ಲ' ಎಂದು ಬರೆದೆ. ಸುಳ್ಳಲ್ಲ ನೋಡಿ, ಅವರು ನಿಲ್ಲಿಸಿರಲಿಲ್ಲ. ಆ ವಾಕ್ಯದ ಅಂದಕ್ಕೆ ನಾನೇ ತಲೆದೂಗಿದ್ದೆ. ರುದ್ರಪ್ಪನವರನ್ನು ಗೋಡೌನಿನಲ್ಲಿ ಡ್ರಮ್ ಎಣಿಸಲು ಹಾಕಿದರು.

ತಿಂಗಳಾದ ಮೇಲೆ ಮಾಡೆಲ್ ಮತ್ತೆ ತೆರೆದಾಗ ಕಂಡಿತು: ಹಳೆಯ ದ್ರಾವಕದ ಅಂಕಿಗಳನ್ನೇ ಹೊಸದಕ್ಕೂ ಹಾಕಿದ್ದೆ. ಎರಡು ವಾರ ಯಾರ ಬಳಿಯೂ ಉಸಿರೆತ್ತಲಿಲ್ಲ. ಆಮೇಲೊಂದು ಶನಿವಾರ ಕುಮಾರಸ್ವಾಮಿ ಲೇಔಟಿನ ರುದ್ರಪ್ಪನವರ ಮನೆಗೆ ಹೋದೆ. ಅವರ ಹೆಂಡತಿ ಕಾಫಿ ಕೊಟ್ಟು ಬಾಗಿಲ ಬಳಿಯೇ ನಿಂತರು. ಎಲ್ಲವನ್ನೂ ಹೇಳಿದೆ.

ರುದ್ರಪ್ಪ ಲೋಟ ಕೆಳಗಿಟ್ಟು, "ಗೊತ್ತಿತ್ತು ಸಾರ್. ಮ್ಯಾನೇಜರ್ ಹತ್ರ ಹೇಳಿದ್ರಾ?" ಎಂದರು.

"ನಾಳೆ ಹೇಳ್ತೀನಿ."

"ನಾಳೆ ಭಾನುವಾರ ಸಾರ್."

ಸೋಮವಾರ ಹೇಳಿದೆ. ಜೇಬಿನಲ್ಲಿ ರಾಜೀನಾಮೆ ಪತ್ರವೂ ಇತ್ತು. ಮ್ಯಾನೇಜರ್ ಬೈಯಲೇ ಇಲ್ಲ. ವರದಿ ತಿದ್ದಿಸಿದರು ಅಷ್ಟೆ. ಕಾರಣ: 'ಮಾಡೆಲ್ಲಿನ ಮಿತಿ.' ರುದ್ರಪ್ಪನವರನ್ನು ಪಾತ್ರೆಯ ಬಳಿಗೆ ಕರೆದರೆ ಅವರು ಬರಲಿಲ್ಲ. "ಡ್ರಮ್ ಎಣಿಸಿ ಹೇಳಿದ್ರೆ ಯಾರೂ ಅಲ್ಲ ಅನ್ನಲ್ಲ ಸಾರ್" ಎಂದರು.

ಅವರು ಮಾಡದ ತಪ್ಪಿಗೆ ಅವರ ಹೆಸರಿತ್ತು. ನಾನು ಮಾಡಿದ್ದಕ್ಕೆ ಯಾರ ಹೆಸರೂ ಇರಲಿಲ್ಲ. ಇದು ಅನ್ಯಾಯ, ನನ್ನ ಹೆಸರೂ ಹಾಕಿ ಎಂದು ಮ್ಯಾನೇಜರಿಗೆ ಹೇಳಲು ಎದ್ದೆ. ಅಷ್ಟರಲ್ಲಿ ಊಟದ ಗಂಟೆ ಹೊಡೆಯಿತು. ಕ್ಯಾಂಟೀನಿನಲ್ಲಿ ಎರಡು ಸಲ ಅನ್ನ ಹಾಕಿಸಿಕೊಂಡೆ.